ಒಂದು ಕಾರಿನ ಪಾಠಾಂತರ

ಮಧುಗಿರಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಒಂದು ಕಾರಿದೆ. 1974ರಲ್ಲಿ ನೋಂದಣಿಯಾದ ಅಂಬಾಸಡರ್. ತಂದೆಯವರು ಅದನ್ನು ಬಾಡಿಗೆಗೆ ಓಡಿಸಿಯೇ ನಮ್ಮನ್ನೆಲ್ಲ ಸಾಕಿದರು. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆ ಹೊತ್ತವರು, ಪಾವಗಡದ ಕಡಲೆಕಾಯಿ ವ್ಯಾಪಾರಿಗಳು, ಹೆರಿಗೆಗೆಂದು ತುಮಕೂರಿಗೆ ಹೊರಟ ಹೆಂಗಸರು, ಎಲ್ಲರೂ ಅದರ ಉದ್ದನೆಯ ಸೀಟಿನ ಮೇಲೆ ಕುಳಿತವರೇ. ತಂದೆಯವರು ತೀರಿಕೊಂಡ ಮೇಲೆ ಅದು ಅಲುಗಿಲ್ಲ. ಪಕ್ಕದ ಮನೆಯ ಕೋಳಿ ಅದರ ಕೆಳಗೆ ಮೊಟ್ಟೆಯಿಡುತ್ತದೆ.

ಕೊಟ್ಟಿಗೆ ಕೆಡವಿ ಎರಡು ಬಾಡಿಗೆ ಮನೆ ಕಟ್ಟಿಸಬೇಕೆಂದು ನನ್ನ ತಮ್ಮನ ಯೋಜನೆ. ಅದಕ್ಕೆ ಕಾರು ಅಡ್ಡ. ಒಂದು ದಿನ ಅವನು ತನ್ನ ಫೋನಿನಲ್ಲಿ ಅಮೆರಿಕದ ಹರಾಜೊಂದನ್ನು ತೋರಿಸಿದ. ಅರಿಜೋನಾದ ಸ್ಕಾಟ್ಸ್‌ಡೇಲ್ ಎಂಬ ಊರಿನಲ್ಲಿ ಬ್ಯಾರೆಟ್-ಜಾಕ್ಸನ್ ಸಂಸ್ಥೆಯವರು ಜನವರಿಯಲ್ಲಿ ನಡೆಸುವ ಹಳೆಯ ಕಾರುಗಳ ಹರಾಜು. ಕೂಗುವವನ ನಾಲಗೆಯ ಓಟದ ಮುಂದೆ ನಮ್ಮ ಹುಣಿಸೆಹಣ್ಣಿನ ಮಂಡಿಯವರು ತೊದಲುವವರೇ ಸರಿ. ನನಗೆ ಆಶ್ಚರ್ಯವಾದದ್ದು ಬೇರೆ. ಒಳ್ಳೆಯ ಬೆಲೆ ಬಂದ ಎಷ್ಟೋ ಕಾರುಗಳು ಕಾರ್ಖಾನೆಯಿಂದ ಹೊರಟ ರೂಪದಲ್ಲಿ ಇರಲೇ ಇಲ್ಲ! ಅವಕ್ಕೆ ‘ಹಾಟ್ ರಾಡ್’ ಎಂದು ಹೆಸರು. ಕ್ಯಾಲಿಫೋರ್ನಿಯಾದ ಹುಡುಗರು 1932ರ ಫೋರ್ಡಿನಂಥ ಹಳೆಯ ಕಾರು ಕೊಂಡು, ಮಡ್‌ಗಾರ್ಡು ಕಿತ್ತು, ಚಾವಣಿ ಕತ್ತರಿಸಿ ತಗ್ಗಿಸಿ, ಇಂಜಿನಿಗೆ ಬಲ ತುಂಬಿಸಿ ಇಲ್ಲವೆ ಬೇರೆ ಇಂಜಿನನ್ನೇ ಕೂರಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರಂತೆ. (ಒಣಗಿದ ಕೆರೆಯಂಗಳಕ್ಕೆ ನಮ್ಮ ಸೀಮೆಯಲ್ಲೂ ಬರವಿಲ್ಲ, ನಮ್ಮ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ.) ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಹುಚ್ಚು ಬೆಳೆದು, 1948ರಲ್ಲಿ ಅದೇ ಹೆಸರಿನ ಪತ್ರಿಕೆಯೇ ಹುಟ್ಟಿತು. ಫೋರ್ಡ್ ಕಂಪನಿ 1955ರಲ್ಲಿ ಪ್ರದರ್ಶನಕ್ಕೆಂದು ಮಾಡಿಸಿದ್ದ ಲಿಂಕನ್ ಕಾರೊಂದನ್ನು ಜಾರ್ಜ್ ಬ್ಯಾರಿಸ್ ಎಂಬ ಕುಶಲಿ ಟೆಲಿವಿಷನ್ನಿನ ಬ್ಯಾಟ್‌ಮನ್ ಕಥೆಗಾಗಿ ಮಾರ್ಪಡಿಸಿದ್ದ. 2013ರಲ್ಲಿ ಇದೇ ಹರಾಜಿನಲ್ಲಿ ಅದರ ಕೂಗು 42 ಲಕ್ಷ ಡಾಲರಿಗೆ ನಿಂತಿತು.

“ಅಣ್ಣಾ, ನಮ್ಮದೂ ಇದೇ ಜಾತಿಯಲ್ಲವೆ?” ಎಂದ ತಮ್ಮ.

ಮಾತು ಪೂರ್ತಿ ಸುಳ್ಳಲ್ಲ. 1988ರಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಆ ಕಾರಿನ ಪೆಟ್ರೋಲ್ ಇಂಜಿನನ್ನು ತೆಗೆಸಿ ತಂದೆಯವರು ಮೆಟಡೋರ್ ವ್ಯಾನಿನ ಡೀಸೆಲ್ ಇಂಜಿನು ಹಾಕಿಸಿದ್ದರು. ಹುಡುಗಾಟಕ್ಕಲ್ಲ, ಹೊಟ್ಟೆಪಾಡಿಗೆ. ಪೆಟ್ರೋಲಿನ ಬೆಲೆಯಲ್ಲಿ ಬಾಡಿಗೆ ಗಿಟ್ಟುತ್ತಿರಲಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಇಂಜಿನು ಬಂದಿತು. ಕೆಲಸ ಶಿರಾದ ಒಬ್ಬ ಮೇಸ್ತ್ರಿ ಸಾಬರದು. ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಹಳೆಯ ಇಂಜಿನನ್ನು ಎತ್ತಿದರು. ಹೊಸದು ಭಾರ, ಮುಂದಿನ ಟಾರ್ಷನ್ ಬಾರುಗಳನ್ನು ಬಿಗಿಗೊಳಿಸಬೇಕಾಯಿತು. ಇಂಜಿನಿಗೂ ಹಳೆಯ ಗೇರುಪೆಟ್ಟಿಗೆಗೂ ಹೊಂದಿಕೆಯಿಲ್ಲ. ನಡುವೆ ಕೂರಿಸಲು ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಲೇತಿನಲ್ಲಿ ಕಡೆದು ತೂತು ಕೊರೆದರು. ಸೀಮೆಎಣ್ಣೆಯ ಬಟ್ಟಲಿನಲ್ಲಿ ನಟ್ಟು ಬೋಲ್ಟುಗಳನ್ನು ತೊಳೆಯುವ ಕೆಲಸ ನನ್ನದಾಗಿತ್ತು. ಹನ್ನೊಂದನೆಯ ದಿನ ಕಾರು ದಡದಡನೆ ನಡುಗುತ್ತ ಎದ್ದಿತು. ನೋಂದಣಿ ಪುಸ್ತಕದಲ್ಲಿ ‘ಪೆಟ್ರೋಲ್’ ಎಂಬುದನ್ನು ಹೊಡೆದು, ಕೆಂಪು ಶಾಯಿಯಲ್ಲಿ ‘ಡೀಸೆಲ್’ ಎಂದು ಬರೆದು ಮೊಹರು ಒತ್ತಿದ್ದಾರೆ. ಮೈಸೂರಿನಲ್ಲಿ ನಾನು ಎಂ.ಎ. ಓದಿದ್ದು ಆ ಕೆಂಪು ಶಾಯಿಯ ಉಳಿತಾಯದಲ್ಲಿ.

ತಮ್ಮನ ಆಹ್ವಾನದ ಮೇಲೆ ಬೆಂಗಳೂರಿನಿಂದ ಹಳೆಯ ಕಾರುಗಳ ಸಂಗ್ರಾಹಕರೊಬ್ಬರು ಬಂದರು. ಕಾರಿನ ಮೈ ಸವರಿ ಮೆಚ್ಚಿದರು. ಬಾನೆಟ್ ಎತ್ತಿದೊಡನೆ ಮುಖ ಇಳಿಯಿತು. “ಇಂಜಿನು ಒರಿಜಿನಲ್ ಅಲ್ಲವಲ್ಲ ಸಾರ್” ಎಂದರು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ಎಂಬ ಮನ್ನಣೆಯೂ ‘ವಿಎ’ ಅಕ್ಷರಗಳ ವಿಶೇಷ ಫಲಕವೂ ಸಿಗುತ್ತವೆ; ಆದರೆ ಚಾಸಿ, ಮೈ, ಇಂಜಿನುಗಳು ಮೂಲರೂಪದಲ್ಲಿರಬೇಕು. ನಮ್ಮ ಕಾರಿಗೆ ವಯಸ್ಸಾಗಿದೆ, ಶುದ್ಧಿಯಿಲ್ಲ. ಬಂಪರು, ಸೀಟು, ಸ್ಟಿಯರಿಂಗ್ ಚಕ್ರ ಬಿಚ್ಚಿಕೊಡುವುದಾದರೆ ಕೊಳ್ಳುತ್ತೇನೆಂದರು; ಮಿಕ್ಕದ್ದು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ.

ಅವರ ಮೇಲೆ ನನಗೆ ಕೋಪವಿಲ್ಲ. ನಾನೂ ತರಗತಿಯಲ್ಲಿ ಅದೇ ಕೆಲಸ ಮಾಡುವವನು: ಮೂಲಪಾಠ ಯಾವುದು, ಲಿಪಿಕಾರ ಸೇರಿಸಿದ್ದು ಯಾವುದು, ಪ್ರಕ್ಷಿಪ್ತ ಯಾವುದು ಎಂದು ಇಪ್ಪತ್ತು ವರ್ಷದಿಂದ ಹುಡುಗರ ತಲೆ ತಿನ್ನುತ್ತಿದ್ದೇನೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಮೂಲವೆಂದರೆ ಯಾವುದು? ಅಂಬಾಸಡರ್ ತಾನೇ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ 1957ರ ಭಾಷಾಂತರ. ಮಹಾರಾಜರುಗಳ ಕಾಲದ ರೋಲ್ಸ್‌ರಾಯ್ಸ್ ಕಂಪನಿ ಚಾಸಿ, ಇಂಜಿನುಗಳನ್ನಷ್ಟೇ ಮಾಡಿಕೊಡುತ್ತಿತ್ತು. ಮೈಯನ್ನು ಕೊಳ್ಳುವವರ ಇಚ್ಛೆಯಂತೆ ಬೇರೆ ಕುಶಲಿಗಳು ಕಟ್ಟುತ್ತಿದ್ದರು. ಮಹಾರಾಜರ ಇಚ್ಛೆ ಮೂಲವಾಗುತ್ತದೆ, ಬಾಡಿಗೆ ಕಾರಿನವನ ಇಚ್ಛೆ ಪ್ರಕ್ಷಿಪ್ತವಾಗುತ್ತದೆ! ನಮ್ಮ ಪಂಪನೂ ವ್ಯಾಸರ ಕಥೆಯಲ್ಲಿ ಅರ್ಜುನನ ಜಾಗಕ್ಕೆ ಅರಿಕೇಸರಿಯನ್ನು ಕೂರಿಸಿದವನಲ್ಲವೆ? ಅವನನ್ನು ಗುಜರಿಗೆ ಹಾಕೆಂದು ಯಾರೂ ಹೇಳಿಲ್ಲ.

ಮರುದಿನ ಶಿರಾಕ್ಕೆ ಹೋದೆ. ಸಾಬರಿಗೆ ಈಗ ಎಂಬತ್ತರ ಹತ್ತಿರ. ಒಂದು ಕಣ್ಣು ಮಂಜಾಗಿದೆ. ಅಂಗಡಿಯಲ್ಲಿ ಮೊಮ್ಮಗ ಮೋಟಾರುಸೈಕಲ್ಲು ರಿಪೇರಿ ಮಾಡುತ್ತಾನೆ.

“ಏನ್ ಮೇಷ್ಟ್ರೇ, ಗಾಡಿ ಇನ್ನೂ ಐತಾ?” ಎಂದರು. ಸಂಗ್ರಾಹಕರ ಮಾತು ಹೇಳಿದೆ. ನಕ್ಕರು. “ಅವ್ರು ಮೇಲಿಂದ ನೋಡವ್ರೆ. ಪ್ಲೇಟ್ ನೋಡ್ಬೇಕು. ಎರಡು ಪ್ಲೇಟ್ ಕೆಟ್ಟೋಗಿ ಮೂರನೇದು ಕೂತಿದ್ದು. ಅದರ ಮ್ಯಾಲೆ ಪಂಚಲ್ಲಿ ತಾರೀಕು ಹೊಡ್ದಿದ್ದೆ. ನಿಮ್ಮಪ್ಪಾರು ಬ್ಯಾಡ ಅಂದ್ರು, ನಾನು ಬಿಡ್ಲಿಲ್ಲ.”

ಸಂಜೆ ಹಿಂದಿರುಗಿದವನು ಹಳೆಯ ಪಂಚೆಯುಟ್ಟು, ಟಾರ್ಚು ಹಿಡಿದು ಕಾರಿನ ಕೆಳಗೆ ನುಸುಳಿದೆ. ಮೂವತ್ತೈದು ವರ್ಷಕ್ಕೂ ಮೀರಿದ ಎಣ್ಣೆಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತ ಹೋದೆ. ತಟ್ಟೆಯ ಅಂಚಿನಲ್ಲಿ ಒಂದೊಂದೇ ಚುಕ್ಕೆ ಕಾಣಿಸಿತು: ಮೊದಲು 786, ಅದರ ಕೆಳಗೆ 12-5-88, ಅದರ ಪಕ್ಕದಲ್ಲಿ ಸೊಟ್ಟಗೆ ತಂದೆಯವರ ಹೆಸರಿನ ಮೊದಲ ಅಕ್ಷರ.

ಹೊರಗೆ ತಮ್ಮನ ಫೋನು ಬಂದಿತ್ತು. ಭಾನುವಾರ ಗುಜರಿಯವನು ಲಾರಿ ತರುತ್ತಾನಂತೆ. ಭಾನುವಾರ ಬೇಡವೆಂದೆ. ಯಾವಾಗ ಎಂದು ಅವನು ಕೇಳಿದ. ಕೊಟ್ಟಿಗೆ ಬಿಟ್ಟು ಹಿತ್ತಿಲಿನ ಇನ್ನೊಂದು ಮೂಲೆಯಲ್ಲಿ ಒಂದೇ ಮನೆ ಕಟ್ಟಿದರೆ ಎಷ್ಟಾಗುತ್ತದೆ ಎಂದು ನಾನು ಕೇಳಿದೆ.