ದಂಡಿನಲ್ಲಿ ಸೋದರಮಾವ

‘ದಂಡಿನಲ್ಲಿ ಸೋದರಮಾವನೇ?’ ಎಂಬ ಗಾದೆ ನಮ್ಮೂರಿನಲ್ಲಿ ಆಗಾಗ ಕೇಳಿಬರುತ್ತದೆ. ಕತ್ತಿ ಹಿರಿದ ಮೇಲೆ ನೆಂಟಸ್ತನ ನೋಡುವವರುಂಟೆ ಎಂದು ಅದರ ತಾತ್ಪರ್ಯ. ನನಗೆ ಮಾತ್ರ ಈ ಗಾದೆಯಲ್ಲೊಂದು ತೊಡಕಿತ್ತು. ನನ್ನ ಸೋದರಮಾವ ಇದ್ದದ್ದೇ ದಂಡಿನಲ್ಲಿ. ಹದಿನೆಂಟಕ್ಕೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸೇರಿ, ಇಪ್ಪತ್ನಾಲ್ಕು ವರ್ಷ ಸೇತುವೆ ಕಟ್ಟಿ, ನೆಲಬಾಂಬು ಹುಡುಕಿ, ಹವಾಲ್ದಾರರಾಗಿ ನಿವೃತ್ತರಾದರು. ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದಿದ್ದ ಕರಿ ಟ್ರಂಕಿನೊಂದಿಗೆ ಊರಿಗೆ ಬಂದಿಳಿದಾಗ ಅವರಿಗಿನ್ನೂ ನಲವತ್ತೆರಡು. ಟ್ರಂಕಿನಲ್ಲಿ ರಮ್ ಬಾಟಲಿಗಳಿವೆ ಎಂಬ ಗುಮಾನಿ ಹಬ್ಬಿದ್ದೇ ತಡ, ಅವರನ್ನು ‘ಮಿಲಿಟ್ರಿ ಮಾವ’ ಎಂದು ಕರೆಯುವವರ ಸಂಖ್ಯೆ ವಾರದೊಳಗೆ ಇಮ್ಮಡಿಯಾಯಿತು. ಗಡಿಯಲ್ಲಿ ಹಾರಿಸುವುದೂ ಗುಂಡೇ, ಊರಲ್ಲಿ ಹಾಕುವುದೂ ಗುಂಡೇ. ಕನ್ನಡಕ್ಕೆ ಭೇದಭಾವವಿಲ್ಲ.

ಆ ವರ್ಷ ಮಾವನ ಪಾಲಿನ ಮುಕ್ಕಾಲು ಎಕರೆಯ ಖಾತೆ ಬದಲಾವಣೆಗೆಂದು ಕಚೇರಿಯೊಂದಕ್ಕೆ ಹೋದೆವು. ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೊಬ್ಬರು ಕೂತಿದ್ದರು. ಚಾಚಿದ ಕಾಲು ಬಾಗಿಲಿಗೆ ಅಗುಳಿಯಂತಿತ್ತು.

“ಸಾಹೇಬ್ರು ಮೀಟಿಂಗಲ್ಲವ್ರೆ, ನಾಳೆ ಬನ್ನಿ ಯಜಮಾನ್ರೆ.”

ಮಾವ ಮೀಸೆ ತೀಡಿದರು. “ಇಪ್ಪತ್ನಾಲ್ಕು ವರ್ಷ ಜವಾನ್ ಆಗಿದ್ದೋನು ಕಣಪ್ಪ ನಾನು.”

ಸ್ಟೂಲಿನವರ ಮುಖ ಅರಳಿತು. ಕಾಲು ಹಿಂದಕ್ಕೆ ಸರಿಯಿತು. “ಮೊದ್ಲೇ ಹೇಳ್ಬಾರ್ದಾ? ಯಾವ ಇಲಾಖೆ? ಪೆನ್ಷನ್ ಫೈಲ್ ಆಯ್ತಾ?”

ಮಾವನ ಮೀಸೆ ಅರ್ಧಕ್ಕೇ ನಿಂತಿತು. ನಾನು ಅವರ ಕೈ ಅದುಮಿ, “ಆಗ್ತಾ ಇದೆ” ಎಂದೆ. ಬೆಳಗಿನಿಂದ ಕಾಯುತ್ತಿದ್ದವರ ಕಣ್ಣೆದುರೇ ಒಳಗೆ ಹೋದೆವು. ಗಡಿ ಕಾದ ಜವಾನನಿಗೆ ತೆರೆಯದ ಬಾಗಿಲು, ಬಾಗಿಲು ಕಾದ ಜವಾನನಿಗೆ ತೆರೆಯಿತು.

ಅಂದು ರಾತ್ರಿ ನಿಘಂಟು ಹಿಡಿದು ಕೂತೆ. ಪಾರಸಿಯ ‘ಜವಾನ್’ ಎಂದರೆ ತರುಣ. ನಮ್ಮ ಸಂಸ್ಕೃತದ ‘ಯುವನ್’ಗೆ ದಾಯಾದಿ. ಸೈನ್ಯದ ಜವಾನ ನಲವತ್ತರ ಆಸುಪಾಸಿನಲ್ಲೇ ಮನೆಗೆ ಬಂದುಬಿಡುತ್ತಾನೆ. ಕಚೇರಿಯ ಜವಾನ ಅರವತ್ತು ತುಂಬಿ ಹಾರ ಹಾಕಿಸಿಕೊಳ್ಳುವ ದಿನವೂ ಕಡತದಲ್ಲಿ ತರುಣನೇ. ಇನ್ನು ‘ಪ್ಯೂನ್’ ಎನ್ನೋಣವೆಂದರೆ ಅದರ ಮೂಲವಾದ ಪೋರ್ಚುಗೀಸ್ ಪದಕ್ಕೂ ಕಾಲಾಳು ಎಂಬ ಅರ್ಥವಿದೆ. ಚೆಸ್ಸಿನ ಪಾನ್ ಕೂಡ ಅದೇ ಬೇರಿನದು. ‘ಸಿಪಾಯಿ’ಯೂ ಸೇನೆಯಿಂದ ಬಂದು, ಟಪಾಲು ಹೊತ್ತು, ಚಹಾ ತರುತ್ತಿದೆ. ಚದುರಂಗದ ಕಾಲಾಳು ಎಂಟನೆಯ ಸಾಲು ಮುಟ್ಟಿದರೆ ಮಂತ್ರಿಯಾಗುತ್ತಾನೆ. ನಮ್ಮ ಖಾತೆಯ ಕಡತ ಎಂಟು ಮೇಜು ದಾಟಿ ಮತ್ತೆ ಮೊದಲನೆಯದಕ್ಕೆ ಬಂದಿತ್ತು.

ಜಿಲ್ಲಾಧಿಕಾರಿಯ ಹಿಂದೆ ಬಿಳಿ ದಿರಿಸು, ಪೇಟ, ಕೆಂಪು ಪಟ್ಟಿ ತೊಟ್ಟು ನಡೆಯುವ ದಫೇದಾರರನ್ನು ನೋಡಿದ್ದೀರಲ್ಲ? ದಫೇದಾರ ಎಂದರೆ ಕುದುರೆ ಪಡೆಯ ಹವಾಲ್ದಾರ. ನಮ್ಮ ಸೇನೆಯ ಟ್ಯಾಂಕ್ ರೆಜಿಮೆಂಟುಗಳಲ್ಲಿ ಇಂದಿಗೂ ಆ ಹುದ್ದೆಯಿದೆ. ಅಲ್ಲಿ ಕುದುರೆ ಹೋಗಿ ಟ್ಯಾಂಕ್ ಬಂತು. ಇಲ್ಲಿ ಕುದುರೆಯೂ ಹೋಗಿ ಕಾರಿನ ಬಾಗಿಲು ಉಳಿಯಿತು. ಆಗ ನನಗೆ ಹೊಳೆದದ್ದು ಇಷ್ಟೆ: ಸೈನಿಕರಂತೆ ಸೈನ್ಯದ ಮಾತುಗಳೂ ನಿವೃತ್ತವಾಗುತ್ತವೆ. ಪೆನ್ಷನ್ ಸಾಲದೆ ಊರಿಗೆ ಬಂದು, ಸಿಕ್ಕ ಕೆಲಸ ಹಿಡಿಯುತ್ತವೆ.

ಇಂಥ ಮಾತುಗಳಿಗೆ ಬೆಂಗಳೂರಿನಷ್ಟು ಒಳ್ಳೆಯ ಊರಿಲ್ಲ. ಬ್ರಿಟಿಷರು ಶ್ರೀರಂಗಪಟ್ಟಣದ ಸೊಳ್ಳೆಗಳಿಗೆ ಸೋತು, 1809ರಲ್ಲಿ ತಮ್ಮ ಸೈನ್ಯವನ್ನು ಇಲ್ಲಿಗೆ ತಂದರು. ಜನ ಆ ಜಾಗವನ್ನು ‘ದಂಡು’ ಎಂದರು. 1864ರಲ್ಲಿ ಅಲ್ಲಿಂದ ಜೋಲಾರ್‌ಪೇಟೆಗೆ ರೈಲು ಹೊರಟಿತು. ನಿಲ್ದಾಣ ಇಂದಿಗೂ ‘ಬೆಂಗಳೂರು ದಂಡು’. ಸೈನ್ಯ ಬೀಡುಬಿಟ್ಟದ್ದು ‘ಪಾಳೆಯ’. ಅದೀಗ ಪಾಳ್ಯವಾಗಿ, ಗಲ್ಲಿಗೊಂದರಂತೆ ದರ್ಶಿನಿ ಇಟ್ಟುಕೊಂಡಿದೆ. ಆ ‘ಬೀಡು’ ಕೂಡ ದಂಡಿಳಿದ ತಾಣವೇ. ಈಗ ಭಾಷಣಕಾರರ ಬಾಯಲ್ಲಿ ಪ್ರತಿ ಊರೂ ಶಾಂತಿಯ ಬೀಡು. ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಗಿ ಕುದುರೆಗಳಿಗೆ ಬಿಡುಗಡೆ ಸಿಕ್ಕಿತು. ಇನ್‌ಫೆಂಟ್ರಿ ರಸ್ತೆ ಎಂಬ ಹೆಸರು ಮಾತ್ರ ಜನರ ಬಾಯಲ್ಲಿ ಗಟ್ಟಿಯಾಗಿದೆ. ಇನ್‌ಫೆಂಟ್ರಿ ಎಂದರೆ ಕಾಲಾಳು ಪಡೆ. ಒಮ್ಮೆ ಅದನ್ನು ದಾಟಲು ನಿಂತ ಮಾವ, ಎರಡೂ ಕಡೆಯ ವಾಹನಗಳನ್ನು ಅಳೆದು ನೋಡಿ, “ಕವರಿಂಗ್ ಫೈರ್ ಇಲ್ದೆ ಆಗಲ್ಲ ಕಣೋ” ಎಂದು ಹಿಂದೆ ಸರಿದರು.

ಇದೇ ದಂಡಿಗೆ 1896ರಲ್ಲಿ ಕುದುರೆ ಪಡೆಯ ಎಳೆಯ ಅಧಿಕಾರಿಯೊಬ್ಬ ಬಂದಿದ್ದ, ವಿನ್‌ಸ್ಟನ್ ಚರ್ಚಿಲ್. ಪೋಲೋ ಆಡಿದ, ಬಿಡುವಿನಲ್ಲಿ ಪುಸ್ತಕ ಓದಿದ, ಹೊರಟುಹೋದ. ಮುಂದೆ ಅವನಿಗೆ ನೊಬೆಲ್ ಬಂದದ್ದು ಶಾಂತಿಗಲ್ಲ, 1953ರಲ್ಲಿ ಸಾಹಿತ್ಯಕ್ಕೆ. ದಂಡಿನಿಂದ ಬಂದು ಮಾತಿನ ಅಂಗಡಿ ತೆರೆದು ಗೆದ್ದವನು. ಈಗ ಬೆಂಗಳೂರು ಕ್ಲಬ್ ಎನಿಸಿರುವ ಅಂದಿನ ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನ ಹೆಸರಿನಲ್ಲಿ 13 ರೂಪಾಯಿ ವಸೂಲಾಗದ ಬಾಕಿ ಹಾಗೇ ಇದೆ. ನಮ್ಮೂರಿನ ಶೆಟ್ಟರಂಗಡಿಯಲ್ಲಾಗಿದ್ದರೆ ಖಂಡಿತ ಬಿಡುತ್ತಿರಲಿಲ್ಲ.

ಸೈನ್ಯದ ಮಾತುಗಳು ಹೀಗೆ ಊರು ಸೇರಿ ಸಾಧುವಾಗುತ್ತಿದ್ದರೆ, ಬಂದೂಕು ಮುಟ್ಟದವರಿಗೆ ಅವನ್ನು ಮತ್ತೆ ಸಾಣೆ ಹಿಡಿಯುವ ಆಸೆ. ‘ಅಭಿಯಾನ’ ಎಂದರೆ ಶತ್ರುವಿನ ಮೇಲೆ ದಂಡೆತ್ತಿ ಹೋಗುವುದು. ನಮ್ಮ ಬೀದಿಯಲ್ಲಿ ನಡೆದ ಸ್ವಚ್ಛತಾ ಅಭಿಯಾನದಲ್ಲಿ ಹೊಸ ಪೊರಕೆ ಹಿಡಿದ ಹನ್ನೊಂದು ಜನ, ಫೋಟೊ ತೆಗೆಯುವ ಒಬ್ಬ ಇದ್ದರು. ಶತ್ರುವಿನ ಕಡೆ ಸಾವುನೋವಿಲ್ಲ; ಕಸ ಇದ್ದಲ್ಲೇ ಇತ್ತು. ಚುನಾವಣೆ ಬಂದರೆ ಪಕ್ಷಗಳಿಗೆ ‘ವಾರ್ ರೂಮ್’ ಬೇಕು, ಅದಕ್ಕೊಂದು ಎಸಿ ಬೇಕು. ಇದ್ದುದರಲ್ಲಿ ಪ್ರಾಮಾಣಿಕ ಪದವೆಂದರೆ ‘ಸಂಗ್ರಾಮ’. ಗ್ರಾಮ ಎಂದರೆ ಮೊದಲಿಗೆ ಜನರ ಗುಂಪು. ಗುಂಪುಗಳು ಒಂದೆಡೆ ಸೇರುವುದೇ ಸಂಗ್ರಾಮ. ಸೇರಿದ ಮೇಲೆ ಏನಾಗುತ್ತದೆಂದು ಆ ಪದ ಮಾಡಿದವರಿಗೆ ಗೊತ್ತಿತ್ತು. ಪಂಚಾಯ್ತಿ ಚುನಾವಣೆ ನೋಡಿದ ನಮಗೂ ಗೊತ್ತು.

ಟಿವಿಯಲ್ಲಿ ಯುದ್ಧ ಆಗಲೇಬೇಕೆಂದು ನಾಲ್ವರು ಮೇಜು ಗುದ್ದುವಾಗ ಮಾವ ರಿಮೋಟ್ ಹುಡುಕುತ್ತಾರೆ. ಚಾನೆಲ್ ಬದಲಿಸುವುದಿಲ್ಲ, ದನಿ ಆರಿಸಿ ಬರೀ ಬಾಯಿಗಳನ್ನು ನೋಡುತ್ತಾರೆ. 1999ರಲ್ಲಿ ಅವರು ಕಾರ್ಗಿಲ್ ಕಡೆ ಇದ್ದವರು. “ಯುದ್ಧ ಹೇಗಿರುತ್ತೆ ಮಾವ?” ಎಂದು ಎಷ್ಟೋ ಸಲ ಕೇಳಿದ್ದೇನೆ. ಒಂದೇ ಉತ್ತರ: “ಚಳಿ ಕಣೋ.” ಒಮ್ಮೆ ಮಾತ್ರ ಇನ್ನೆರಡು ಮಾತು ಸೇರಿಸಿದರು. “ಸಾಕ್ಸು ಒಣಗ್ತಿರ್ಲಿಲ್ಲ. ನಮ್ ಜೊತೆ ಇದ್ದೋನೊಬ್ಬ ಅವನದು ನನಗೆ ಕೊಟ್ಟಿದ್ದ.” ಆಮೇಲೆ ಆ ಸಾಕ್ಸಿನ ಕಥೆ ಏನಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇನ್‌ಫೆಂಟ್ರಿ ಎಂಬ ಪದದ ಜಾಡು ಹಿಡಿದು ಹೋದರೆ ಲ್ಯಾಟಿನ್ನಿನ ‘ಮಾತು ಬಾರದವನು’ ಎಂಬ ಅರ್ಥಕ್ಕೆ ತಲುಪುತ್ತೇವೆ. ಎಳೆಗೂಸು, ಆಮೇಲೆ ಎಳೆಯ, ಆಮೇಲೆ ಕಾಲಾಳು. ಮಾವ ಸ್ಯಾಪರ್, ಆ ಪದ ಲೆಕ್ಕಕ್ಕೆ ಅವರದಲ್ಲ. ಆದರೂ ಅವರಿಗೆ ಅಳೆದು ಹೊಲಿದಂತಿದೆ.

ಮುಕ್ಕಾಲು ಎಕರೆ ಹೊಟ್ಟೆ ತುಂಬಿಸಲಿಲ್ಲ. ಮಾವ ಈಗ ಬೆಂಗಳೂರಿನಲ್ಲಿ, ಹಿಂದೆ ಪಾಳ್ಯವಾಗಿದ್ದ ಜಾಗದ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿದ್ದಾರೆ. ಹೆಗಲ ಮೇಲೆ ಹೆಣೆದ ಹಗ್ಗ, ಜೇಬಿನಲ್ಲಿ ಸೀಟಿ. ಸೈನ್ಯದಲ್ಲಿ ಅವರಿಗಿದ್ದದ್ದಕ್ಕಿಂತ ಹೆಚ್ಚು ಪಟ್ಟಿಗಳನ್ನು ಸೆಕ್ಯುರಿಟಿ ಏಜೆನ್ಸಿ ತೋಳಿಗೆ ಹೊಲಿಸಿದೆ. ಮಕ್ಕಳು ಅವರನ್ನು ‘ಸೆಕ್ಯುರಿಟಿ’ ಎನ್ನುತ್ತಾರೆ.

ಹೋದ ಯುಗಾದಿಗೆ ಒಬ್ಬಟ್ಟಿನ ಡಬ್ಬಿ ಹಿಡಿದು ಅವರನ್ನು ನೋಡಲು ಹೋದೆ. ಗೇಟು ಅರ್ಧ ತೆರೆದು ಅಡ್ಡ ನಿಂತರು.

“ರಿಜಿಸ್ಟರ್‌ನಲ್ಲಿ ಬರಿ.”

“ಮಾವ, ನಾನು!”

“ಕಾಣ್ತಾ ಇದೆ. ಹೆಸರು, ಫೋನ್ ನಂಬರ್, ಬಂದ ಟೈಮು.”

ಒಬ್ಬಟ್ಟಿನ ಡಬ್ಬಿಯನ್ನು ಮುಚ್ಚಳ ತೆಗೆಸಿ ಪರೀಕ್ಷಿಸಿದರು. ದಾರಕ್ಕೆ ಕಟ್ಟಿದ ಪೆನ್ನಿನಲ್ಲಿ ಹೆಸರು, ನಂಬರು, ಹೊತ್ತು ಬರೆದೆ. ‘ಯಾರನ್ನು ನೋಡಬೇಕು’ ಎಂಬ ಕಾಲಮ್ಮಿನಲ್ಲಿ ‘ಸೋದರಮಾವ’ ಎಂದು ತುಂಬಿದೆ. ಮಾವ ಕನ್ನಡಕ ಏರಿಸಿ ಓದಿ, ಅದನ್ನು ಹೊಡೆದುಹಾಕಿ, ‘ಡ್ಯೂಟಿ ಸಿಬ್ಬಂದಿ’ ಎಂದು ತಿದ್ದಿದರು.