ಅಪ್ಪ–ಅಮ್ಮ ಬೆಂಗಳೂರಿಗೆ ಬಂದರೆ ಎಲ್ಲಿ ಉಳಿಸೋದು?

ನಾನಿರೋದು ಬೆಳ್ಳಂದೂರಿನಲ್ಲಿ. ಆಫೀಸಿನ ಇಬ್ಬರ ಜೊತೆ ಹಂಚಿಕೊಂಡ ಫ್ಲಾಟು, ಹನ್ನೊಂದನೇ ಮಹಡಿ. ಅಪ್ಪ–ಅಮ್ಮ ಇರೋದು ತಿಪಟೂರಿನಲ್ಲಿ. ಎರಡು ವರ್ಷದ ಹಿಂದೆ ಅಮ್ಮನಿಗೆ ಆಪರೇಷನ್ ಆಯ್ತು. ಅಲ್ಲಿಂದ ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು ತೋರಿಸಬೇಕು. ಒಂದು ದಿನ ರಕ್ತ ಪರೀಕ್ಷೆ, ಸ್ಕ್ಯಾನಿಂಗ್. ರಿಪೋರ್ಟ್ ಬರೋಕೆ ಎರಡು ದಿನ. ಆಮೇಲೆ ಡಾಕ್ಟರು. ಪ್ರತಿ ಸಲ ಮೂರ್ನಾಲ್ಕು ರಾತ್ರಿ ಅಂತ ಲೆಕ್ಕ. ನನಗೆ ರಜೆ ಸಿಗೋದು ಒಂದೇ ದಿನ. ಉಳಿದ ದಿನ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಅವರಿಬ್ಬರೇ.

ನಮ್ಮ ವಯಸ್ಸಿನ ಎಷ್ಟೋ ಜನರ ಕಥೆ ಇದೇ ಅಂತ ಗೊತ್ತು. ಬೆಂಗಳೂರಲ್ಲಿ ಎಲ್ಲಿ ಉಳಿಯೋದು, ಏನು ತಿನ್ನೋದು, ಏನು ತಗೊಳ್ಳೋದು ಅಂತ ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ವೀಕೆಂಡಿಗೆ ಸುತ್ತೋಕೆ ಬರುವ ಹುಡುಗರಿಗೆ ಬರೆದ ಹಾಗಿರುತ್ತವೆ. ಅರವತ್ತೈದು ದಾಟಿದ, ಮಂಡಿ ನೋವಿರುವ, ಕೈಯಲ್ಲಿ ರಿಪೋರ್ಟಿನ ಚೀಲ ಹಿಡಿದು ಬರುವವರಿಗೆ ಯಾರೂ ಬರೆಯೋದಿಲ್ಲ. ಹಾಗಾಗಿ ಎರಡು ವರ್ಷದಲ್ಲಿ ನಾನು ಕಂಡುಕೊಂಡಿದ್ದನ್ನು ಇಲ್ಲಿ ಹೇಳ್ತೀನಿ.

ನನ್ನ ಅಳತೆ ಒಂದೇ: ಅಪ್ಪ ನನಗೆ ಫೋನ್ ಮಾಡದೆ ದಿನ ಕಳೆಯೋಕೆ ಆಗಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ಮನುಷ್ಯ. ಊರಲ್ಲಿ ಹತ್ತು ಜನರಿಗೆ ಅರ್ಜಿ ಬರೆದುಕೊಟ್ಟು ಕಳಿಸುವವರು. ನನ್ನ ಅಪಾರ್ಟ್‌ಮೆಂಟಿಗೆ ಬಂದರೆ ಒಂದು ಪೇಪರ್ ಬೇಕೆಂದರೂ ‘ಅದೇನೋ ಆ್ಯಪ್ ಇದೆಯಂತಲ್ಲ, ನೋಡಪ್ಪಾ’ ಅನ್ನಬೇಕು. ಅವರ ದನಿ ಸಣ್ಣಗಾಗೋದು ನನಗೆ ಕೇಳಿಸುತ್ತೆ. ಅದಕ್ಕೇ ಅವರನ್ನು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಈ ಮೂರರಲ್ಲೇ ಎಲ್ಲಾದರೂ ಉಳಿಸ್ತೀನಿ.

ಯಾಕೆ ಇವೇ ಅಂದರೆ, ಇವು ಕಾಲ್ನಡಿಗೆ ಕಾಲದಲ್ಲಿ ಅಳತೆ ಹಾಕಿ ಕಟ್ಟಿದ ಬಡಾವಣೆಗಳು. ಚಾಮರಾಜಪೇಟೆ 1892ರದ್ದು, ಹತ್ತನೇ ಚಾಮರಾಜ ಒಡೆಯರ ಹೆಸರಿನದು. ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು 1898ರ ಪ್ಲೇಗಿನ ನಂತರ, ಕಿಕ್ಕಿರಿದ ಪೇಟೆಯಿಂದ ಜನರನ್ನು ಗಾಳಿ ಬೆಳಕಿರುವ ಕಡೆ ಕಳಿಸಬೇಕು ಅಂತ. ಅಡ್ಡಡ್ಡ ಕ್ರಾಸು, ಉದ್ದುದ್ದ ಮೇನು. ಏಳನೇ ಕ್ರಾಸ್ ಆದಮೇಲೆ ಎಂಟನೇ ಕ್ರಾಸೇ ಬರುತ್ತೆ. ದಾರಿ ತಪ್ಪಿದರೂ ಅಪ್ಪ ಎಣಿಸಿಕೊಂಡು ವಾಪಸ್ ಬರ್ತಾರೆ, ಮ್ಯಾಪ್ ಬೇಕಿಲ್ಲ.

ಮೊದಲು ರೂಮಿನ ವಿಷಯ. ಗಾಂಧಿ ಬಜಾರ್, ಡಿ.ವಿ.ಜಿ. ರಸ್ತೆ, ಸಜ್ಜನರಾವ್ ವೃತ್ತದ ಸುತ್ತ ಸಣ್ಣ ಲಾಡ್ಜುಗಳಿವೆ. ಫೋಟೋ ನೋಡಿ ಬುಕ್ ಮಾಡಬೇಡಿ, ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಲಿಫ್ಟ್ ಇದೆಯಾ, ಇಲ್ಲದಿದ್ದರೆ ಕೆಳಗಿನ ರೂಮು ಕೊಡ್ತೀರಾ? ವೆಸ್ಟರ್ನ್ ಕಮೋಡಾ? ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಕಿಟಕಿ ರಸ್ತೆ ಕಡೆಗಾ, ಹಿಂದಕ್ಕಾ? ಬಿಸಿನೀರಿನದು ಬಹಳ ಮುಖ್ಯ. ಕೆಲವು ಹಳೇ ಲಾಡ್ಜುಗಳಲ್ಲಿ ಬೆಳಿಗ್ಗೆ ಎರಡು ಮೂರು ಗಂಟೆ ಬಿಟ್ಟರೆ ಮತ್ತೆ ಬರೋದಿಲ್ಲ. ಆಸ್ಪತ್ರೆಯಿಂದ ಬಂದವರಿಗೆ ಸಂಜೆ ಬೇಕಾಗೋದೇ ಅದು.

ಇನ್ನೊಂದು ವಿಷಯ ಯಾವ ವೆಬ್‌ಸೈಟೂ ಹೇಳಲ್ಲ: ಬುಕ್ ಮಾಡುವ ಮುಂಚೆ ಕ್ಯಾಲೆಂಡರಿನಲ್ಲಿ ಮುಹೂರ್ತ ನೋಡಿ. ಈ ಮೂರೂ ಕಡೆ ಕಲ್ಯಾಣ ಮಂಟಪಗಳು ಜಾಸ್ತಿ. ಒಳ್ಳೆ ಮುಹೂರ್ತವಿದ್ದ ದಿನ ಹತ್ತಿರದ ರೂಮುಗಳನ್ನೆಲ್ಲ ಗಂಡಿನ ಕಡೆಯವರು ಹಿಡಿದಿರ್ತಾರೆ. ಆಷಾಢದಲ್ಲಿ ಎಲ್ಲಿ ಕೇಳಿದರೂ ಸಿಗುತ್ತೆ, ಅದೂ ಚೌಕಾಸಿಗೆ ಬಗ್ಗಿ.

ಮನೆಯ ಒಂದು ಭಾಗವನ್ನೇ ದಿನದ ಲೆಕ್ಕಕ್ಕೆ ಕೊಡುವವರೂ ಇದ್ದಾರೆ. ಗಂಜಿ ಮಾಡಿಕೊಳ್ಳೋಕೆ ಒಲೆ ಸಿಗುತ್ತೆ ಅಂತ ನನಗೆ ಅದೇ ಇಷ್ಟ. ಆದರೆ ಒಂದು ಮಾತು ಮುಚ್ಚಿಡದೆ ಹೇಳಬೇಕು. ಹೀಗೆ ವಿಚಾರಿಸಿದಾಗ ಒಬ್ಬರು ಬಾಡಿಗೆ, ದಿನಾಂಕ ಎಲ್ಲ ಒಪ್ಪಿಕೊಂಡು ಕೊನೆಗೆ ಮೆತ್ತಗೆ ಕೇಳಿದರು: ‘ನಿಮ್ಮಲ್ಲಿ... ಏನು?’ ನಾನು ‘ಸಾಫ್ಟ್‌ವೇರ್’ ಅಂದೆ. ‘ಅಲ್ಲ, ಊಟ ತಿಂಡಿ ಹೇಗೆ ಅಂತ’ ಅಂದರು. ಕೇಳಿದ್ದು ಊಟದ ವಿಷಯ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆಗಲ್ಲ ಬಿಡಿ ಅಂತ ಫೋನ್ ಇಟ್ಟೆ. ಹಳೇ ಬೆಂಗಳೂರಿನ ಬಗ್ಗೆ ಬರೆಯೋರು ಹೂವು, ಫಿಲ್ಟರ್ ಕಾಫಿ, ಮರದ ನೆರಳು ಎಲ್ಲ ಬರೀತಾರೆ, ಈ ಪ್ರಶ್ನೆ ಬರೆಯಲ್ಲ. ಎಲ್ಲರೂ ಕೇಳ್ತಾರೆ ಅಂತಲ್ಲ. ಆಮೇಲೆ ಶಂಕರಪುರದ ಹತ್ತಿರ ಸಿಕ್ಕ ಮನೆಯವರು ಆಧಾರ್ ಕಾರ್ಡ್ ಬಿಟ್ಟು ಬೇರೇನೂ ಕೇಳಲಿಲ್ಲ. ಲಾಡ್ಜಿನಲ್ಲಿ ಈ ರಗಳೆ ಇಲ್ಲ.

ಆಸ್ಪತ್ರೆಗಿಂತ ರೈಲಿಗೆ ಹತ್ತಿರ ಇರಬೇಕು ಅಂದರೆ ಮೆಜೆಸ್ಟಿಕ್ಕಿನ ಗುಬ್ಬಿ ತೋಟದಪ್ಪ ಛತ್ರ ನೆನಪಿರಲಿ. 1903ರಿಂದ ಪ್ರಯಾಣಿಕರಿಗೆ ಅಂತಲೇ ಇರುವ ಜಾಗ. ರೂಮಿನ ನಿಯಮ ಏನು ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.

ಈಗ ಹೊಟ್ಟೆ ವಿಷಯ. ಈ ಹೋಟೆಲುಗಳ ಹೆಸರು ನಿಮಗೆ ಗೊತ್ತಿರುತ್ತೆ. ನಾನು ಹೇಳೋದು ಎಲ್ಲಿ ಕೂರಬಹುದು, ಎಲ್ಲಿ ನಿಲ್ಲಬೇಕು ಅನ್ನೋದನ್ನ. ಮಂಡಿ ನೋವಿನವರಿಗೆ ರುಚಿಗಿಂತ ಮೊದಲು ಕುರ್ಚಿ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಕೂತು ತಿನ್ನಬಹುದು. ಕೈಮೇಲೆ ದೋಸೆ ತಟ್ಟೆ ಜೋಡಿಸಿಕೊಂಡು ಬರೋದನ್ನು ನೋಡೋಕೇ ಒಂದು ಸಲ ಹೋಗಬೇಕು. ಗೋಡೆ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳಿವೆ. ಅಪ್ಪ ಒಂದೊಂದರ ಹೆಸರು ಹೇಳುತ್ತಾ ಹೋದರು, ಪಕ್ಕದ ಟೇಬಲ್ಲಿನ ಹುಡುಗರು ಕಿವಿಗೊಟ್ಟರು. ಶುಕ್ರವಾರ ರಜೆ. ಶನಿವಾರ, ಭಾನುವಾರ ಹೆಸರು ಬರೆಸಿ ರಸ್ತೆಯಲ್ಲಿ ಕಾಯಬೇಕು, ವಯಸ್ಸಾದವರನ್ನು ಕರೆದುಕೊಂಡು ಹೋಗೋದಾದರೆ ವಾರದ ಮಧ್ಯೆ ಬೆಳಿಗ್ಗೆಯೇ ಸರಿ. ಡಿ.ವಿ.ಜಿ. ರಸ್ತೆಯ ಮಹಾಲಕ್ಷ್ಮಿ ಟಿಫಿನ್ ರೂಮ್ ಇನ್ನೂ ಹಳೆಯದು, 1926ರದ್ದು. ಗಲಾಟೆ ಕಡಿಮೆ, ಕಾಫಿ ಮುಗಿಸಿ ಹತ್ತು ನಿಮಿಷ ಕೂರಬಹುದು. ನನ್ನ ಮಟ್ಟಿಗೆ ದಿನಾ ಹೋಗೋಕೆ ಇದೇ ವಾಸಿ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಅಷ್ಟೇ. ಸಾಂಬಾರ್ ಇಲ್ಲ, ಚಟ್ನಿ ಬೇಕಾದಷ್ಟು. ನಿಂತು ತಿನ್ನಬೇಕು, ಭಾನುವಾರ ರಜೆ. ಅಮ್ಮ ಅರ್ಧ ವಡೆ ತಿಂದು, ಚಟ್ನಿ ಬೆರಳಲ್ಲಿ ನೆಕ್ಕಿ, ‘ಕಾಯಿಗೆ ಕಂಜೂಸ್ ಮಾಡಿಲ್ಲ’ ಅಂದರು. ತಿಪಟೂರಿನವರ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಆಪರೇಷನ್ ಆದಮೇಲೆ ಅವರು ರುಚಿ ಅಂತ ಏನನ್ನಾದರೂ ಹೇಳಿದ್ದು ಅದೇ ಮೊದಲು. ಆ ಖುಷಿಗೆ ನಾನು ಎರಡು ಪ್ಲೇಟ್ ಜಾಸ್ತಿ ತಿಂದೆ.

ಮಲ್ಲೇಶ್ವರದಲ್ಲಿ ಮಾರ್ಗೋಸಾ ರಸ್ತೆಯ ಸಿ.ಟಿ.ಆರ್. ಬೆಣ್ಣೆ ಮಸಾಲೆಗೆ, ಕೂರಬಹುದು, ಆದರೆ ನಿಮ್ಮ ಹಿಂದೆ ಒಬ್ಬರು ಕುರ್ಚಿ ಖಾಲಿಯಾಗಲಿ ಅಂತ ಕಾಯ್ತಾ ಇರ್ತಾರೆ. ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್ ಇಡ್ಲಿಗೆ, ಇಲ್ಲಿ ಫುಟ್‌ಪಾತೇ ಗತಿ. ಪಾರ್ಸಲ್ ತಂದು ರೂಮಿನಲ್ಲಿ ತಿನ್ನಿ. ಎಂಟನೇ ಕ್ರಾಸ್ ಕಡೆ ಇದ್ದರೆ ಜನತಾ ಹೋಟೆಲು. ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ ಈಗ ಇಲ್ಲ, 2023ರ ಕೊನೆಯಲ್ಲಿ ಮುಚ್ಚಿತು. ಹಳೇ ಪಟ್ಟಿ ನೋಡಿಕೊಂಡು ಹುಡುಕಬೇಡಿ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಬಗ್ಗೆ ಹೇಳೋದೇನಿದೆ, 1924ರಿಂದ ಎಲ್ಲರೂ ಹೇಳ್ತಾ ಇದ್ದಾರೆ. ಸೋಮವಾರ ರಜೆ ಅನ್ನೋದಷ್ಟು ನೆನಪಿಟ್ಟುಕೊಳ್ಳಿ.

ಇನ್ನು ಮಾಂಸದೂಟ. ನಮ್ಮದು ಭಾನುವಾರ ಕೋಳಿ ಸಾರು ಕುದಿಯುವ ಮನೆ. ಮೂರು ದಿನ ಇಡ್ಲಿ ತಿಂದ ಅಪ್ಪ ನಾಲ್ಕನೇ ದಿನ ಬೆಳಿಗ್ಗೆ ಕಿಟಕಿ ನೋಡುತ್ತಾ ‘ಇಲ್ಲಿ ಬೇರೆ ಏನೂ ಸಿಗಲ್ವಾ’ ಅಂದರೆ ಅರ್ಥ ಗೊತ್ತು. ಚಾಮರಾಜಪೇಟೆಯಿಂದ ಕಾಟನ್‌ಪೇಟೆಗೆ ದೂರವಿಲ್ಲ, ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ ಅಲ್ಲಿದೆ. ಮುದ್ದೆ, ಬಿರಿಯಾನಿ, ಖೈಮಾ. ಮಧ್ಯಾಹ್ನ ತಡ ಮಾಡಿದರೆ ಬೇಕಾದ್ದು ಖಾಲಿಯಾಗಿರುತ್ತೆ.

ತಗೊಳ್ಳೋದರಲ್ಲಿ ಅಮ್ಮನಿಗೆ ಗಾಂಧಿ ಬಜಾರ್ ಸಾಕು. ಹೂವು, ವೀಳ್ಯದೆಲೆ, ಹಣ್ಣು, ಗ್ರಂದಿಗೆ ಸಾಮಾನು ಎಲ್ಲ ಒಂದೇ ರಸ್ತೆಯಲ್ಲಿ. ಸುಬ್ಬಮ್ಮನ ಅಂಗಡಿಯಲ್ಲಿ ಹಪ್ಪಳ, ಸಂಡಿಗೆ, ನಿಪ್ಪಟ್ಟು, ಕೋಡುಬಳೆ. ‘ದುಡ್ಡು ಕೊಟ್ಟು ಸಂಡಿಗೆ ತಗೊಳ್ಳೋ ಕಾಲ ಬಂತಾ’ ಅಂದರು ಅಮ್ಮ. ಎರಡು ಬೇಸಿಗೆಯಿಂದ ಮಾಳಿಗೆ ಹತ್ತೋಕೆ ಆಗಿಲ್ಲ ಅವರಿಗೆ. ಎರಡು ಪ್ಯಾಕೆಟ್ ತಗೊಂಡರು, ನಾನೇನೂ ಮಾತಾಡಲಿಲ್ಲ.

ಬಳೆಗೆ ಮಾತ್ರ ಮಲ್ಲೇಶ್ವರದ ಎಂಟನೇ ಕ್ರಾಸು. ಆಪರೇಷನ್ ದಿನ ಕೈಯಿಂದ ತೆಗೆಸಿದ ಬಳೆ, ಆಮೇಲೆ ಡ್ರಿಪ್ಪು, ಸೂಜಿ ಅಂತ ಕೈ ಬೋಳಾಗೇ ಇತ್ತು. ಒಂದು ಸಂಜೆ ಅಲ್ಲಿ ಹಸಿರು ಗಾಜಿನ ಬಳೆ ತೊಡಿಸಿಕೊಂಡರು. ಅಂಗಡಿಯಾಕೆ ‘ಕೈ ಸಡಿಲ ಬಿಡಮ್ಮಾ, ಒಡೆಯಲ್ಲ’ ಅನ್ನುತ್ತಾ ಸೂಜಿ ಚುಚ್ಚಿದ ಗುರುತಿರುವ ಕೈಯನ್ನು ನಿಧಾನಕ್ಕೆ ಒತ್ತಿ ಒತ್ತಿ ಏರಿಸಿದರು. ಆನ್‌ಲೈನಿನಲ್ಲಿ ಬಳೆ ಬರುತ್ತೆ, ತೊಡಿಸೋರು ಬರಲ್ಲ.

ಅಪ್ಪನದು ಪುಸ್ತಕ. ಗಾಂಧಿ ಬಜಾರಿನಲ್ಲಿ ಅಂಕಿತ ಪುಸ್ತಕ ಇದೆ, ಕನ್ನಡದ ಹೊಸ ಪುಸ್ತಕಗಳಿಗೆ ನಾನು ಹೋಗೋದು ಅಲ್ಲಿಗೇ. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1915ರದ್ದು. ಪರಿಷತ್ತಿನದೇ ಪ್ರಕಟಣೆಯಾದ ಸಂಕ್ಷಿಪ್ತ ನಿಘಂಟನ್ನು ಅಪ್ಪ ಅಲ್ಲೇ ತಗೊಂಡರು. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ, 1945ರಿಂದ. ಗ್ರಂಥಾಲಯವಿದೆ, ಸಂಜೆ ಉಪನ್ಯಾಸ, ಸಂಗೀತ ನಡೆಯುತ್ತಿರುತ್ತವೆ. ರಿಪೋರ್ಟಿಗೆ ಕಾಯುವ ಆ ಎರಡು ದಿನ ಬಹಳ ಉದ್ದ. ರೂಮಿನಲ್ಲಿ ಕೂತರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದೇ ಯೋಚನೆ. ಹೊರಗೆ ಹೋಗೋಕೆ ಒಂದು ನೆಪ ಬೇಕು, ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಾದರೂ ಸರಿ. ಏಪ್ರಿಲ್ ಹೊತ್ತಿಗೆ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವ. ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರೋದು.

ಓಡಾಟಕ್ಕೆ ಹಸಿರು ಮೆಟ್ರೊ. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಹತ್ತಿದರೆ ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್, ಆಮೇಲೆ ಸಂಪಿಗೆ ರಸ್ತೆ. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಗಾಡಿ ಬದಲಿಸದೆ ನಾಲ್ಕೇ ಸ್ಟಾಪು, ಮೆಟ್ಟಿಲ ಬದಲು ಲಿಫ್ಟಿದೆ. ಚಾಮರಾಜಪೇಟೆಗೆ ಮಾರ್ಕೆಟ್ಟಿನಲ್ಲಿಳಿದು ಆಟೋ ಮಾಡೋದು ಒಳ್ಳೇದು. ಅಲ್ಲಿಯ ಫುಟ್‌ಪಾತನ್ನು ನಂಬಿಕೊಂಡು ಮಂಡಿ ನೋವಿನವರನ್ನು ನಡೆಸಬೇಡಿ. ಸಿಟಿ ಬಸ್ಸಿನಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯ ಟಿಕೆಟ್, ಅಪ್ಪನಿಗೆ ದುಡ್ಡಿನ ಟಿಕೆಟ್. ‘ನಾನು ಫ್ರೀ, ನೀವು ಲಗೇಜು’ ಅಂತ ಅಮ್ಮ ಪ್ರತಿ ಸಲ ಹೇಳ್ತಾರೆ.

ಮುಂದಿನ ಚೆಕಪ್ಪು ಕಾರ್ತಿಕ ಮಾಸದಲ್ಲಿ ಬಂದಿದೆ. ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ತುಂಬ ಕಡಲೆಕಾಯಿ ರಾಶಿ, ಜನ, ಆಟೋ ಒಳಗೆ ಬರಲ್ಲ. ಆಸ್ಪತ್ರೆಗೆ ಹೋಗೋಕೆ ಕಷ್ಟ, ಮಲ್ಲೇಶ್ವರದಲ್ಲಿ ರೂಮ್ ನೋಡ್ತೀನಿ ಅಂದೆ. ‘ಬೇಡ, ಬಸವನಗುಡೀಲೇ ಹಾಕು. ಡಾಕ್ಟರ್ ಹತ್ರ ಮಂಗಳವಾರಕ್ಕೆ ತಗೋ’ ಅಂದರು ಅಪ್ಪ. ಇವತ್ತು ರಾತ್ರಿ ಲಾಡ್ಜಿಗೆ ಫೋನ್ ಮಾಡಬೇಕು, ಕೆಳಗಿನ ರೂಮು ಎರಡೇ ಇರೋದು ಅವರ ಹತ್ತಿರ.