ಕುಲುಮೆಗೆ ಮರಳಿದ ವಿದ್ಯೆ

ಅಮೆರಿಕದ ಪೂರ್ವ ತೀರದ ವರ್ಜೀನಿಯಾ ಪ್ರಾಂತದಲ್ಲಿ ವಿಲಿಯಮ್ಸ್‌ಬರ್ಗ್ ಎಂಬ ಪುಟ್ಟ ಪಟ್ಟಣವಿದೆ. 1699ರಿಂದ 1780ರವರೆಗೆ ರಾಜಧಾನಿಯಾಗಿ ಮೆರೆದ ಈ ಊರು, ಆಡಳಿತವು ರಿಚ್ಮಂಡ್ ನಗರಕ್ಕೆ ಹೊರಟುಹೋದ ಮೇಲೆ ಕಳೆಗುಂದಿತು. 1926ರಲ್ಲಿ ಗುಡ್ವಿನ್ ಎಂಬ ಪಾದ್ರಿಯ ಕನಸಿಗೆ ಕೋಟ್ಯಧೀಶ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ದ್ರವ್ಯಬಲ ಒದಗಿ, ಹದಿನೆಂಟನೆಯ ಶತಮಾನದ ಬೀದಿಗಳು ಮತ್ತೆ ತಲೆಯೆತ್ತತೊಡಗಿದವು.

ಇಲ್ಲಿಯ ಡ್ಯೂಕ್ ಆಫ್ ಗ್ಲಾಸ್ಟರ್ ಬೀದಿಯಲ್ಲಿ ನಡೆಯುವ ಯಾತ್ರಿಕನಿಗೆ ಗೆಡ್ಡಿ ಮನೆತನದ ನಿವಾಸವು ಕಾಣಸಿಗುತ್ತದೆ. ಹಿರಿಯ ಜೇಮ್ಸ್ ಗೆಡ್ಡಿ ಕೋವಿ ಮಾಡುವವನು. ಅದೇ ಹೆಸರಿನ ಮಗನು ಬೆಳ್ಳಿಗೆಲಸದವನು. ಸಂಸಾರ ನಡೆಯುತ್ತಿದ್ದ ನೆಲದಲ್ಲಿಯೇ ಕುಲುಮೆಯೂ ಉರಿಯುತ್ತಿದ್ದ ಕಾಲವದು. ವಿದ್ಯೆಯು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ನೋಡಿ ಕಲಿತು ಬರುತ್ತಿತ್ತು.

ಬಿದ್ದ ಗೋಡೆಯನ್ನು ಕಟ್ಟಬಹುದು. ಕಡಿದುಹೋದ ವಿದ್ಯೆಯನ್ನು ಕಟ್ಟುವುದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದು, ಒಬ್ಬನೇ ಮಾಡುತ್ತಿದ್ದ ಕೆಲಸವು ಹತ್ತು ಕೈಗಳಿಗೆ ಹಂಚಿಹೋಯಿತು. ಉದ್ದ ನಳಿಗೆಯ ಹಳೆಯ ಕೋವಿಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದವು. ಆದರೆ ಕಬ್ಬಿಣದ ಪಟ್ಟಿಯಿಂದ ತೊಡಗಿ ಇಡೀ ಕೋವಿಯನ್ನು ಕೈಯಿಂದಲೇ ಮುಗಿಸಬಲ್ಲವರು ಇಲ್ಲವಾದರು.

ಈ ಕೊರತೆಯನ್ನು ನೀಗಲು ಹೊರಟವರು ವಾಲೆಸ್ ಗಸ್ಲರ್. 1960ರ ದಶಕದಲ್ಲಿ ವಿಲಿಯಮ್ಸ್‌ಬರ್ಗ್‌ನ ಕಮ್ಮಟದಲ್ಲಿ ಪ್ರಧಾನ ಕುಶಲಕರ್ಮಿಯಾಗಿದ್ದ ಅವರಿಗೆ ಹಳೆಯ ಕೋವಿಗಳೇ ಗುರುಗಳಾದವು. ಅರದ ಗೀರು, ಉಳಿಯ ಗುರುತುಗಳನ್ನು ಓದಿ, ಹಿಂದಿನವರ ಕೈ ಹೇಗೆ ನಡೆದಿತ್ತೆಂಬುದನ್ನು ಅವರು ಊಹಿಸಬೇಕಾಗಿತ್ತು.

ಕೆಲಸವು ಸುಲಭದ್ದಲ್ಲ. ಕೆಂಪಗೆ ಕಾದ ಪಟ್ಟಿಯನ್ನು ಸರಳಿನ ಸುತ್ತ ಬಾಗಿಸಿ, ಅಂಚಿಗೆ ಅಂಚು ಸೇರಿಸಿ, ಕೆಲವೇ ಅಂಗುಲಗಳಂತೆ ಬಡಿದು ಬೆಸೆಯಬೇಕು. ಶಾಖ ಕಡಿಮೆಯಾದರೆ ಬೆಸುಗೆ ಕೂಡದು. ಹೆಚ್ಚಾದರೆ ಕಬ್ಬಿಣವೇ ಸುಟ್ಟುಹೋಗುವುದು. ಬೆಸುಗೆಯಲ್ಲಿ ದೋಷ ಅಡಗಿದ್ದರೆ ಸಿಡಿಮದ್ದಿನ ಒತ್ತಡಕ್ಕೆ ನಳಿಗೆ ಸೀಳಿ, ಹಿಡಿದವನ ಪ್ರಾಣಕ್ಕೇ ಸಂಚಕಾರ. ಬಳಿಕ ನಳಿಗೆಯ ಒಳಮೈಯನ್ನು ಕೊರೆದು ಸುರುಳಿಗೆರೆ ಮೂಡಿಸುವುದು, ಚಕಮಕಿ ಕಲ್ಲಿನ ಕಿಡಿಯಂತ್ರವನ್ನು ಅರದಿಂದ ತಿದ್ದುವುದು, ಮೇಪಲ್ ಮರದ ಹಿಡಿಯನ್ನು ಕೆತ್ತುವುದು. ಇಷ್ಟಕ್ಕೆ ನೂರಾರು ಗಂಟೆಗಳ ದುಡಿಮೆ ಬೇಕು.

ಗಸ್ಲರ್ ಇದನ್ನು ಸಾಧಿಸಿದರು. ಅವರ ಕೆಲಸವನ್ನು ಆದ್ಯಂತ ತೋರಿಸುವ ಚಲನಚಿತ್ರವು 1969ರಲ್ಲಿ ಹೊರಬಂದಿತು. ಇಂದು ಅಮೆರಿಕದ ಅನೇಕ ಹವ್ಯಾಸಿಗಳು ತಮ್ಮ ಹಿತ್ತಿಲ ಕೊಟ್ಟಿಗೆಗಳಲ್ಲಿ ಇಂತಹ ಪ್ರತಿಕೃತಿಗಳನ್ನು ತಯಾರಿಸುತ್ತಾರೆ; ಗೆಡ್ಡಿಯ ಕಾಲದಂತೆ ಮನೆಗೂ ಕಮ್ಮಟಕ್ಕೂ ಮತ್ತೆ ನಂಟು ಬೆಳೆದಿದೆ.

ವಿಲಿಯಮ್ಸ್‌ಬರ್ಗ್‌ನ ಕಮ್ಮಟದಲ್ಲಿ ಶಿಷ್ಯರು ಈಗಲೂ ಗುರುವಿನ ಬಳಿ ನಿಂತು ಕಲಿಯುತ್ತಾರೆ. ಹಳೆಯ ಕೋವಿಯನ್ನು ಗಾಜಿನ ಪೆಟ್ಟಿಗೆ ಕಾಪಾಡೀತು. ಅದನ್ನು ಮಾಡುವ ವಿದ್ಯೆಯನ್ನು ಕಾಪಾಡಲು ಕಲಿಯುವ ಕೈಗಳೇ ಬೇಕು.